ಘಟ್ಟದ ಮೇಲಿನ ಧ್ವನಿಸುರುಳಿಗಳು: ಕೊಟ್ಟಿಗೆಹಾರ ಪರಿಸರದ ಯಕ್ಷಗಾನ ಮತ್ತು ಪ್ರೇಕ್ಷಕರ ಮುದ್ರಣಗಳು

ಯಕ್ಷಗಾನದ ಚರಿತ್ರೆಯನ್ನು ಬರೆಯುವವರಿಗೆ ಈವರೆಗೆ ಮುಖ್ಯವಾಗಿ ಒದಗಿಬಂದ ಆಕರಗಳು ಎರಡು. ಒಂದು, ಓಲೆಗರಿಯಿಂದ ಅಚ್ಚಿಗೆ ಬಂದ ಪ್ರಸಂಗಪಠ್ಯ. ಇನ್ನೊಂದು, ಕಲಾವಿದರ ಜೀವನಕಥನ, ಅಭಿನಂದನ ಗ್ರಂಥ, ಪತ್ರಿಕಾ ವಿಮರ್ಶೆ ಮೊದಲಾದ ಬರಹ. ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ ೧೯೫೯ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದ ಬಳಿಕ ಈ ಕ್ಷೇತ್ರದ ಅಧ್ಯಯನಕ್ಕೆ ವಿದ್ವತ್ತಿನ ಮನ್ನಣೆ ದೊರೆಯಿತು. ಅನಂತರ ನಡೆದ ಸಂಶೋಧನೆಯೂ ಬಹುಮಟ್ಟಿಗೆ ಈ ಎರಡು ಆಕರಗಳನ್ನೇ ನೆಚ್ಚಿಕೊಂಡು ಬೆಳೆದಿದೆ.

ಆದರೆ ಪ್ರಸಂಗಪಠ್ಯದಲ್ಲಿ ಇರುವುದು ಪದ್ಯ ಮಾತ್ರ. ಆ ಪದ್ಯವನ್ನು ಭಾಗವತ ಯಾವ ರಾಗದಲ್ಲಿ ಎತ್ತಿಕೊಂಡ, ಎಷ್ಟು ಆವರ್ತ ಬೆಳೆಸಿದ, ಮದ್ದಳೆಗಾರ ಎಲ್ಲಿ ಬಿಡ್ತಿಗೆ ಕೊಟ್ಟ, ವೇಷಧಾರಿ ಅದಕ್ಕೆ ಏನು ಅರ್ಥ ಹೇಳಿದ ಎಂಬುದು ಪುಸ್ತಕದಲ್ಲಿ ಸಿಗುವುದಿಲ್ಲ. ಅರ್ಥವಂತೂ ಆ ರಾತ್ರಿ, ಆ ಎದುರಾಳಿಯ ಮುಂದೆ, ಆ ಸಭೆಗಾಗಿ ಹುಟ್ಟಿ ಬೆಳಗಾಗುವಷ್ಟರಲ್ಲಿ ಮುಗಿದುಹೋಗುವ ಸಾಹಿತ್ಯ. ಅದನ್ನು ಹಿಡಿದಿಟ್ಟ ಮೂರನೆಯ ಆಕರವೊಂದಿದೆ. ಅದು ಆಟ ನೋಡಲು ಬಂದವರು ತಮ್ಮ ಖುಷಿಗಾಗಿ ತುಂಬಿಕೊಂಡ ಧ್ವನಿಸುರುಳಿ. ಚಾರ್ಮಾಡಿ ಘಾಟಿಯ ನೆತ್ತಿಯಲ್ಲಿರುವ ಕೊಟ್ಟಿಗೆಹಾರ ಹಾಗೂ ಮೂಡಿಗೆರೆ, ಕಳಸಗಳ ಕಾಫಿ ಸೀಮೆಯನ್ನು ದೃಷ್ಟಿಯಲ್ಲಿರಿಸಿಕೊಂಡು ಇಂತಹ ಮುದ್ರಣಗಳ ಸ್ವರೂಪ, ಅವುಗಳನ್ನು ಸರಿಪಡಿಸುವ ಕ್ರಮ ಮತ್ತು ಹಂಚಿಕೆಯ ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

ಘಟ್ಟ ಮತ್ತು ತಿರುಗಾಟ

ಕೊಟ್ಟಿಗೆಹಾರ ಮೂಲತಃ ದಾರಿಗಳು ಕೂಡುವ ಊರು. ಕೆಳಗಿನಿಂದ ಉಜಿರೆ, ಚಾರ್ಮಾಡಿಗಳ ಮೂಲಕ ಹತ್ತಿ ಬರುವ ಹೆದ್ದಾರಿ ಇಲ್ಲಿ ಘಟ್ಟವನ್ನು ಮುಗಿಸುತ್ತದೆ. ಒಂದು ಕವಲು ಬಣಕಲ್, ಮೂಡಿಗೆರೆಗಳ ಕಡೆಗೂ ಇನ್ನೊಂದು ಕಳಸ, ಹೊರನಾಡುಗಳ ಕಡೆಗೂ ಹೋಗುತ್ತದೆ. ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನ ನೆಲೆಗೊಂಡಿರುವುದೂ ಇಲ್ಲಿಯೇ. ನಾಡಿನ ಇತರೆಡೆಯ ಜನರಿಗೆ ಈ ಹೆಸರು ನೀರುದೋಸೆಯಿಂದ, ಮಂಜಿನಿಂದ ಪರಿಚಿತ. ಯಕ್ಷಗಾನದ ಮಟ್ಟಿಗೆ ಇದು ಕರಾವಳಿಯ ಕಲೆ ಘಟ್ಟವೇರಿ ಬಂದ ಬಾಗಿಲುಗಳಲ್ಲಿ ಒಂದು.

ಕಾಫಿ ತೋಟಗಳ ಕೆಲಸಕ್ಕೆಂದು ಘಟ್ಟದ ಕೆಳಗಿನಿಂದ ಬಂದ ತುಳು ಮಾತಿನ ಜನ, ವ್ಯಾಪಾರಕ್ಕೆ ಬಂದ ಕೊಂಕಣಿಗರು ಮತ್ತು ಬ್ಯಾರಿಗಳು, ಅಡಕೆ ತೋಟಗಳ ಹವ್ಯಕ ಮತ್ತು ಇತರ ಬ್ರಾಹ್ಮಣ ಮನೆತನಗಳು, ಸ್ಥಳೀಯ ಒಕ್ಕಲಿಗರು ಹೀಗೆ ಹಲವು ಬಗೆಯ ಜನ ಒಂದೇ ಬಯಲಿನಲ್ಲಿ ಕುಳಿತು ನೋಡಿದ ಕಲೆ ಇದು. ಧರ್ಮಸ್ಥಳ ಘಾಟಿಯ ಬುಡದಲ್ಲಿಯೇ ಇರುವುದರಿಂದ ತೆಂಕುತಿಟ್ಟಿನ ಪರಿಚಯ ಇಲ್ಲಿಯವರಿಗೆ ಸಹಜವಾಗಿ ಇತ್ತು. ಕೊಪ್ಪ, ಶೃಂಗೇರಿಗಳ ಕಡೆಯಿಂದ ಬಡಗುತಿಟ್ಟಿನ ಸಂಪರ್ಕವೂ ಒದಗಿತು. ಒಂದೇ ತಿಟ್ಟಿನ ಅಭಿಮಾನ ಗಟ್ಟಿಯಾಗಿರುವ ಕರಾವಳಿಯ ಊರುಗಳಿಗೆ ಹೋಲಿಸಿದರೆ, ಎರಡನ್ನೂ ಕೇಳಿ ಹೋಲಿಸುವ ಅವಕಾಶ ಈ ಸೀಮೆಯ ಪ್ರೇಕ್ಷಕನಿಗೆ ಇತ್ತೆಂಬುದು ಗಮನಾರ್ಹ.

ಮೇಳಗಳ ತಿರುಗಾಟ ದೀಪಾವಳಿಯ ಆಸುಪಾಸಿನಲ್ಲಿ ಆರಂಭವಾಗಿ ಮೇ ತಿಂಗಳ ಕೊನೆಯ ಭಾಗದ ಪತ್ತನಾಜೆಗೆ ಮುಗಿಯುತ್ತದೆ. ಇದೇ ಅವಧಿಯ ಮೊದಲರ್ಧದಲ್ಲಿ ಕಾಫಿ ಹಣ್ಣಿನ ಕೊಯ್ಲು ಬರುತ್ತದೆ. ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ, ಮಳೆ ಇನ್ನೂ ದೂರವಿರುವ ದಿನಗಳು ಆಟಕ್ಕೆ ಹೇಳಿಮಾಡಿಸಿದವು. ಮಳೆ ಹಿಡಿದ ಮೇಲೆ ಬಯಲಿನ ಆಟ ನಿಂತು ಮನೆಯ ಜಗಲಿ, ದೇವಸ್ಥಾನದ ಪೌಳಿಗಳಲ್ಲಿ ತಾಳಮದ್ದಳೆ ಕೂಡುತ್ತದೆ. ಹೀಗಾಗಿ ಈ ಸೀಮೆಯ ಮುದ್ರಣಗಳಲ್ಲಿಯೂ ಎರಡು ಬಗೆಗಳನ್ನು ಗುರುತಿಸಬಹುದು: ಬೇಸಗೆಯ ಬಯಲಾಟದವು ಮತ್ತು ಮಳೆಗಾಲದ ಕೂಟದವು. ಮೊದಲನೆಯದರಲ್ಲಿ ಚೆಂಡೆ ಉಳಿದ ಧ್ವನಿಗಳನ್ನು ಮುಚ್ಚುತ್ತದೆ. ಎರಡನೆಯದರಲ್ಲಿ ಹೆಂಚಿನ ಮೇಲೆ ಸುರಿಯುವ ಮಳೆ ಆ ಕೆಲಸವನ್ನು ಮಾಡುತ್ತದೆ.

ಯಂತ್ರ ಬಂದ ಬಗೆ

ಧ್ವನಿಮುದ್ರಣದ ಯಂತ್ರಗಳು ಯಕ್ಷಗಾನವನ್ನು ಅದರ ಪೂರ್ಣರೂಪದಲ್ಲಿ ಹಿಡಿಯಲು ಬಹುಕಾಲ ಅಸಮರ್ಥವಾಗಿದ್ದವು. ೭೮ ಸುತ್ತಿನ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಸುಮಾರು ೩ ನಿಮಿಷದ ಧ್ವನಿ ಮಾತ್ರ ಹಿಡಿಸುತ್ತಿತ್ತು. ಒಂದು ಪದ್ಯವನ್ನು ಎತ್ತಿ, ಬೆಳೆಸಿ, ಮುಕ್ತಾಯಕ್ಕೆ ತರಲು ಅಷ್ಟು ಹೊತ್ತು ಸಾಲದು. ಅರ್ಥಕ್ಕೆ ಜಾಗವೇ ಇಲ್ಲ. ಆಕಾಶವಾಣಿಯ ಭದ್ರಾವತಿ ಕೇಂದ್ರ ೧೯೬೫ರಲ್ಲಿ, ಮಂಗಳೂರು ಕೇಂದ್ರ ೧೯೭೬ರಲ್ಲಿ ಆರಂಭವಾದ ಬಳಿಕ ತಾಳಮದ್ದಳೆ ಬಾನುಲಿಯಲ್ಲಿ ಕೇಳಿಬಂದಿತು. ಆದರೆ ಅಲ್ಲಿಯೂ ಕಾಲದ ಕಟ್ಟು ಬಿಗಿ. ಮೇಲಾಗಿ ದುಬಾರಿ ಟೇಪನ್ನು ಅಳಿಸಿ ಮತ್ತೆ ಬಳಸುವ ಪದ್ಧತಿ ಬಾನುಲಿಯಲ್ಲಿ ರೂಢವಾಗಿತ್ತು.

ಫಿಲಿಪ್ಸ್ ಕಂಪನಿ ೧೯೬೩ರಲ್ಲಿ ಬರ್ಲಿನ್ನಿನಲ್ಲಿ ಪರಿಚಯಿಸಿದ ಕ್ಯಾಸೆಟ್ಟು ಈ ಸ್ಥಿತಿಯನ್ನು ಬದಲಿಸಿತು. ೧೯೭೦ರ ದಶಕದ ಕೊನೆಯ ಹೊತ್ತಿಗೆ ಕೊಲ್ಲಿ ದೇಶಗಳಿಗೆ ಹೋದ ಕರಾವಳಿಯ ಜನ ತಂದ ಟೂ-ಇನ್-ಒನ್‌ಗಳು ಘಟ್ಟದ ಮೇಲಕ್ಕೂ ಬಂದವು. ಬ್ಯಾಟರಿಯಿಂದ ನಡೆಯುವ, ಒಳಗೇ ಮೈಕ್ ಇರುವ, ಒಂದು ಗುಂಡಿ ಒತ್ತಿದರೆ ಮುದ್ರಿಸುವ ಈ ಯಂತ್ರಕ್ಕೆ ವಿದ್ಯುತ್ತೂ ಬೇಡ, ತರಬೇತಿಯೂ ಬೇಡ.

ರಾತ್ರಿ ಒಂಬತ್ತೂವರೆಗೆ ಆರಂಭವಾಗಿ ಬೆಳಗಿನ ಆರಕ್ಕೆ ಮಂಗಳ ಹಾಡುವ ಆಟ ಎಂಟು ತಾಸಿಗೂ ಮೀರುತ್ತದೆ. ಅಷ್ಟನ್ನೂ ತುಂಬಲು ತೊಂಬತ್ತು ನಿಮಿಷದ ಆರು ಕ್ಯಾಸೆಟ್ಟುಗಳು ಬೇಕು. ನಲವತ್ತೈದು ನಿಮಿಷಕ್ಕೊಮ್ಮೆ ಮಗುಚಿ ಹಾಕಬೇಕು. ಇಷ್ಟು ಖರ್ಚು ಮಾಡಬಲ್ಲವರು ವಿರಳ. ಆದುದರಿಂದ ಬಹುತೇಕ ಪ್ರೇಕ್ಷಕರು ಆಯ್ದು ಮುದ್ರಿಸಿಕೊಂಡರು. ಪೂರ್ವರಂಗವನ್ನು ಬಿಟ್ಟರು, ಪ್ರಧಾನ ಭಾಗವತ ರಂಗಕ್ಕೆ ಬರುವ ಹೊತ್ತಿಗೆ ಗುಂಡಿ ಒತ್ತಿದರು, ಗದಾಯುದ್ಧದ ಕೌರವ, ಕರ್ಣಪರ್ವದ ಕರ್ಣ, ವಾಲಿವಧೆಯ ವಾಲಿ ಮುಂತಾದ ಪಾತ್ರಗಳ ಸಂವಾದವನ್ನು ಉಳಿಸಿಕೊಂಡರು. ಚರಿತ್ರೆಕಾರನಿಗೆ ಇದು ಕೊರತೆಯೂ ಹೌದು, ಸಾಕ್ಷ್ಯವೂ ಹೌದು. ಯಾವುದನ್ನು ಉಳಿಸಿಕೊಳ್ಳಬೇಕೆಂದು ಪ್ರೇಕ್ಷಕ ಬಯಸಿದ ಎಂಬುದನ್ನು ಆ ಕಾಲದ ಯಾವ ವಿಮರ್ಶೆಯೂ ಇಷ್ಟು ನಿಖರವಾಗಿ ಹೇಳಲಾರದು.

ಇನ್ನೊಂದು ಮಿತಿಯನ್ನೂ ಇಲ್ಲಿ ಹೇಳಬೇಕು. ಯಂತ್ರ ಇದ್ದದ್ದು ಪ್ಲಾಂಟರು, ತೋಟದ ರೈಟರು, ಶಾಲಾ ಮಾಸ್ತರು, ಅಂಗಡಿಕಾರ ಮುಂತಾದವರ ಕೈಯಲ್ಲಿ. ಕೂಲಿ ಲೈನುಗಳಿಂದ ನಡೆದು ಬಂದು, ನೆಲದಲ್ಲಿ ಕುಳಿತು, ಇಡೀ ರಾತ್ರಿ ನೋಡಿದವರ ಆಯ್ಕೆ ಏನಿತ್ತೆಂಬುದು ಈ ಸುರುಳಿಗಳ ಆಯ್ಕೆಯಲ್ಲಿ ಇಲ್ಲ. ಅವರು ಉಳಿದಿರುವುದು ಹಾಸ್ಯಗಾರನ ಮಾತಿಗೆ ಎದ್ದ ನಗೆಯಲ್ಲಿ, ಬಣ್ಣದ ವೇಷದ ಅಬ್ಬರಕ್ಕೆ ಹೆದರಿ ಅತ್ತ ಮಕ್ಕಳ ಧ್ವನಿಯಲ್ಲಿ.

ಸುರುಳಿಯೊಳಗಿನ ಚರಿತ್ರೆ

ಮಾರುಕಟ್ಟೆಗೆ ಬಂದ ತಾಳಮದ್ದಳೆಯ ಕ್ಯಾಸೆಟ್ಟುಗಳೂ ಇದ್ದವು. ಅವುಗಳಲ್ಲಿ ಧ್ವನಿ ಸ್ವಚ್ಛ. ಆದರೆ ಐದಾರು ತಾಸಿನ ಪ್ರಸಂಗವನ್ನು ಒಂದೂವರೆ ತಾಸಿಗೆ ಇಳಿಸಬೇಕಾದಾಗ ಅರ್ಥಧಾರಿ ತನ್ನ ವಾದವನ್ನು ಮೊದಲೇ ಅಳೆದುಕೊಂಡು ಬರುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟ (೧೯೧೮–೨೦೦೬), ಮಲ್ಪೆ ಶಂಕರನಾರಾಯಣ ಸಾಮಗ, ಮಲ್ಪೆ ರಾಮದಾಸ ಸಾಮಗ, ಕುಂಬ್ಳೆ ಸುಂದರ ರಾವ್ (ನಿಧನ ೨೦೨೨) ಮೊದಲಾದವರ ಶಕ್ತಿ ಇದ್ದುದು ಎದುರಾಳಿ ಎಸೆದ ಅನಿರೀಕ್ಷಿತ ಪ್ರಶ್ನೆಯನ್ನು ಹಿಡಿದು ತಿರುಗಿಸುವುದರಲ್ಲಿ. ಶೇಣಿಯವರ ವಾಲಿ ರಾಮನನ್ನು ಪ್ರಶ್ನಿಸುವ ಬಗೆ ಪ್ರತಿ ಕೂಟಕ್ಕೂ ಹೊಸದಾಗುತ್ತಿತ್ತೆಂಬುದು ಕೇಳಿದವರೆಲ್ಲ ಒಪ್ಪುವ ಮಾತು. ಅದನ್ನು ಪ್ರಮಾಣಿಸಿ ತೋರಿಸಬೇಕಾದರೆ ಒಂದೇ ಪ್ರಸಂಗದ, ಒಬ್ಬನೇ ಅರ್ಥಧಾರಿಯ, ಬೇರೆ ಬೇರೆ ರಾತ್ರಿಗಳ ಮುದ್ರಣಗಳು ಎದುರಿಗಿರಬೇಕು. ಇವು ಇರುವುದು ಪ್ರೇಕ್ಷಕರ ಪೆಟ್ಟಿಗೆಗಳಲ್ಲಿಯೇ.

ಭಾಗವತಿಕೆಯ ಚರಿತ್ರೆಗೂ ಈ ಮಾತು ಸಲ್ಲುತ್ತದೆ. ನಾರ್ಣಪ್ಪ ಉಪ್ಪೂರರ ಗರಡಿಯಲ್ಲಿ ಬೆಳೆದ ಗುಂಡ್ಮಿ ಕಾಳಿಂಗ ನಾವಡರು (೧೯೫೮–೧೯೯೦) ಬಡಗುತಿಟ್ಟಿನ ಹಾಡುಗಾರಿಕೆಗೆ ಹೊಸ ರಾಗಗಳನ್ನೂ ಹೊಸ ನಿಲುಗಡೆಗಳನ್ನೂ ತಂದರು. ಸಾಲಿಗ್ರಾಮ ಮೇಳದಲ್ಲಿ ಅವರು ಹಾಡಿದ ವರ್ಷಗಳಲ್ಲಿ ಅವರ ಧ್ವನಿಯನ್ನು ತುಂಬಿಕೊಳ್ಳುವುದಕ್ಕಾಗಿಯೇ ಜನ ಯಂತ್ರ ಹಿಡಿದು ಬಂದರು. ೧೯೯೦ರ ಮೇ ೨೭ರಂದು, ಮೂವತ್ತೆರಡು ತುಂಬುವ ಮೊದಲೇ, ಅವರು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರ ಅನಂತರದ ಪೀಳಿಗೆಯ ಭಾಗವತರಲ್ಲಿ ಅನೇಕರು ಅವರನ್ನು ಎದುರು ಕುಳಿತು ಕೇಳಿದವರಲ್ಲ, ಸುರುಳಿಯಲ್ಲಿ ಕೇಳಿದವರು. ಗುರುಮುಖದಿಂದ ಸಾಗಿಬಂದ ವಿದ್ಯೆಗೆ ಪ್ರೇಕ್ಷಕನ ಯಂತ್ರ ಇನ್ನೊಂದು ಪರಂಪರೆಯನ್ನು ಕೂಡಿಸಿತು. ಜಾನಪದ ಅಧ್ಯಯನದ ದೃಷ್ಟಿಯಿಂದ ಇದು ಪರಿಶೀಲಿಸಬೇಕಾದ ಸಂಗತಿ. ಮೌಖಿಕ ಕಲೆಯೊಂದರಲ್ಲಿ ಹಾಡು ಪ್ರತಿ ರಾತ್ರಿಯೂ ಬದಲಾಗುತ್ತದೆ, ಸುರುಳಿ ಅದರ ಒಂದು ರಾತ್ರಿಯ ರೂಪವನ್ನು ಮಾದರಿಯಾಗಿ ನಿಲ್ಲಿಸುತ್ತದೆ. ಅನುಕರಣೆಯ ಬಗ್ಗೆ ಹಿರಿಯರಿಂದ ಕೇಳಿಬಂದ ಆಕ್ಷೇಪಗಳ ಬೇರು ಇಲ್ಲಿದೆ.

ಇಂತಹ ಉತ್ಸಾಹ ಯಕ್ಷಗಾನಕ್ಕೆ ಮಾತ್ರ ಸೀಮಿತವಾದದ್ದಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದ ಗ್ರಂಥಪಾಲಕ ಲಯನೆಲ್ ಮೇಪಲ್ಸನ್ ೧೯೦೧ರಿಂದ ೧೯೦೩ರವರೆಗೆ ಮೇಣದ ಸಿಲಿಂಡರುಗಳಲ್ಲಿ ರಂಗದ ಹಾಡನ್ನು ಹಿಡಿದಿಟ್ಟ. ಕರ್ಕಶವಾದ ಆ ತುಣುಕುಗಳೇ ಇಂದು ಆ ಕಾಲದ ರಂಗಗಾಯನಕ್ಕೆ ಅಮೂಲ್ಯ ಸಾಕ್ಷಿ. ಅಮೆರಿಕದ ಗ್ರೇಟ್‌ಫುಲ್ ಡೆಡ್ ಎಂಬ ರಾಕ್ ತಂಡದ ಕಛೇರಿಗಳನ್ನು ಅದರ ಅಭಿಮಾನಿಗಳು ವರ್ಷಗಟ್ಟಲೆ ಮುದ್ರಿಸಿ, ಹಣ ಮುಟ್ಟದೆ ಪರಸ್ಪರ ಹಂಚಿಕೊಂಡರು. ೧೯೮೪ರಲ್ಲಿ ಆ ತಂಡವೇ ಸಭಾಂಗಣದಲ್ಲಿ ಮುದ್ರಿಸುವವರಿಗೆ ಪ್ರತ್ಯೇಕ ಜಾಗ ಗೊತ್ತುಮಾಡಿತು. ಕಾಫಿ ಸೀಮೆಯ ಮಾಸ್ತರನಿಗೂ ಆ ಅಭಿಮಾನಿಗೂ ಪರಸ್ಪರ ಗೊತ್ತಿರಲಿಲ್ಲ. ಇಬ್ಬರ ಮುಂದೆಯೂ ಇದ್ದದ್ದು ಪ್ರತಿ ರಾತ್ರಿ ಬೇರೆಯಾಗುವ ಕಲೆ. ಆದುದರಿಂದಲೇ ಇಬ್ಬರಿಗೂ ಒಂದು ರಾತ್ರಿಯ ಸುರುಳಿ ಸಾಲಲಿಲ್ಲ.

ಸರಿಪಡಿಸುವ ಕೆಲಸ

ಮಲೆನಾಡಿನ ಹವೆ ಸುರುಳಿಗೆ ಶತ್ರು. ತಿಂಗಳುಗಟ್ಟಲೆ ಬಿಸಿಲು ಕಾಣದ ಮನೆಯ ಕಪಾಟಿನಲ್ಲಿಟ್ಟ ಕ್ಯಾಸೆಟ್ಟಿನ ಅಂಚಿಗೆ ಬಿಳಿ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ ಸುರುಳಿಯನ್ನು ಹಾಗೆಯೇ ನುಡಿಸಿದರೆ ಅದು ಯಂತ್ರದ ತಲೆಗೆ ಅಂಟಿಕೊಂಡು ಮುಂದಿನ ಸುರುಳಿಗಳಿಗೂ ಹರಡುತ್ತದೆ. ಮೊದಲು ಒಣ ಜಾಗದಲ್ಲಿಟ್ಟು ತೇವವನ್ನು ನಿಧಾನವಾಗಿ ಇಳಿಸಬೇಕು. ಅನಂತರ ಮೂಗಿಗೆ ಬಟ್ಟೆ ಕಟ್ಟಿ, ಮೆತ್ತನೆಯ ಒಣ ಬಟ್ಟೆಯಿಂದ ಒರೆಸಬೇಕು. ಒತ್ತುಪ್ಯಾಡು ಉದುರಿದ್ದರೆ ಅಥವಾ ಕವಚ ಬಾಗಿದ್ದರೆ, ಸ್ಕ್ರೂ ಇರುವ ಹೊಸ ಕವಚಕ್ಕೆ ಟೇಪನ್ನು ವರ್ಗಾಯಿಸಬೇಕಾಗುತ್ತದೆ. ಟೇಪಿನ ಅಗಲ ೪ ಮಿಲಿಮೀಟರಿಗೂ ಕಡಿಮೆ. ತೊಂಬತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಅದರ ಉದ್ದ ಸುಮಾರು ೧೩೦ ಮೀಟರ್. ನೂರಿಪ್ಪತ್ತು ನಿಮಿಷದ ಕ್ಯಾಸೆಟ್ಟಿನ ಟೇಪು ಇನ್ನೂ ತೆಳು. ಮಗುಚುವ ಕೆಲಸ ತಪ್ಪೀತೆಂದು ಅದನ್ನು ಕೊಂಡವರ ಮುದ್ರಣಗಳೇ ಬೇಗ ಹಿಗ್ಗುತ್ತವೆ, ಸಿಕ್ಕಾಗುತ್ತವೆ.

ನುಡಿಸುವಾಗಲೂ ಎಚ್ಚರ ಬೇಕು. ಮುದ್ರಿಸಿದ ಯಂತ್ರದ ತಲೆ ಎಷ್ಟು ಓರೆಯಾಗಿತ್ತೋ ನುಡಿಸುವ ಯಂತ್ರದ ತಲೆಯನ್ನೂ ಅಷ್ಟೇ ಓರೆಗೆ ತಿರುಗಿಸಿಕೊಂಡರೆ ಮಂಕಾದ ಧ್ವನಿಯಲ್ಲಿ ಜಾಗಟೆಯ ನಾದ, ಅಕ್ಷರಗಳ ಸ್ಪಷ್ಟತೆ ಮರಳಿ ಬರುತ್ತದೆ. ಈ ಹೊಂದಾಣಿಕೆಯನ್ನು ಮಾಡದೆ ಗಣಕಕ್ಕೆ ಇಳಿಸಿದ ಧ್ವನಿಗೆ ಆಮೇಲೆ ಎಷ್ಟು ಉಪಚಾರ ಮಾಡಿದರೂ ಹೋದದ್ದು ಬಾರದು. ಧ್ವನಿ ಭಂಡಾರಗಳ ಅಂತರರಾಷ್ಟ್ರೀಯ ಸಂಘ ೨೦೦೪ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ೨೪ ಬಿಟ್, ೪೮ ಕಿಲೋಹರ್ಟ್ಜ್‌ಗೆ ಕಡಿಮೆಯಿಲ್ಲದ ಪ್ರತಿಯನ್ನು ವಿಧಿಸುತ್ತದೆ. ೯೬ ಕಿಲೋಹರ್ಟ್ಜ್‌ನಲ್ಲಿ ಇಡೀ ರಾತ್ರಿಯ ಆಟವೊಂದು ಎರಡು ವಾಹಿನಿಗಳಲ್ಲಿ ಸುಮಾರು ೧೭ ಗಿಗಾಬೈಟ್ ಆಗುತ್ತದೆ. ಇಂದು ಇದು ಭಾರವಲ್ಲ.

ವೇಗದ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ಬೆಳಗಿನ ಜಾವಕ್ಕೆ ಬ್ಯಾಟರಿ ಇಳಿದಾಗ ಯಂತ್ರ ನಿಧಾನವಾಗಿ ತಿರುಗಿ ಮುದ್ರಿಸುತ್ತದೆ. ಅದನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಹಾಡು ಓಡುತ್ತದೆ, ಶ್ರುತಿ ಏರುತ್ತದೆ. ವೇಗದಲ್ಲಿ ಶೇಕಡಾ ೬ರಷ್ಟು ವ್ಯತ್ಯಾಸವಾದರೆ ಶ್ರುತಿ ಸುಮಾರು ಅರ್ಧ ಸ್ವರದಷ್ಟು ಬದಲಾಗುತ್ತದೆ. ಭಾಗವತನೊಬ್ಬ ಬೆಳಗಿನ ಏರುಪದಗಳಿಗೆ ಶ್ರುತಿ ಏರಿಸುತ್ತಿದ್ದನೆಂದು ಇಂತಹ ಸುರುಳಿಯನ್ನು ನಂಬಿ ಬರೆದರೆ ತಪ್ಪು ಚರಿತ್ರೆಯಾದೀತು. ಪಾಶ್ಚಾತ್ಯ ತಜ್ಞರು ಹಿನ್ನೆಲೆಯಲ್ಲಿ ಸೇರಿಕೊಂಡ ವಿದ್ಯುತ್ತಿನ ಗುಂಯ್‌ಗುಟ್ಟುವಿಕೆಯನ್ನು ಆಧಾರವಾಗಿಟ್ಟುಕೊಂಡು ವೇಗವನ್ನು ತಿದ್ದುತ್ತಾರೆ. ನಮ್ಮಲ್ಲಿ ಅದು ೫೦ ಹರ್ಟ್ಜ್ ಇರಬೇಕು. ಆದರೆ ಮಲೆನಾಡಿನ ಬಯಲಿನಲ್ಲಿ ದೀಪಕ್ಕೂ ಧ್ವನಿವರ್ಧಕಕ್ಕೂ ಜನರೇಟರು ನಡೆಯುತ್ತಿದ್ದರೆ ಆ ಲೆಕ್ಕವೇ ಅಲುಗಾಡುತ್ತದೆ, ಏಕೆಂದರೆ ಜನರೇಟರಿನ ಓಟ ಸ್ಥಿರವಲ್ಲ. ಇಲ್ಲಿ ಕೊನೆಗೆ ನೆರವಾಗುವುದು ಆ ಭಾಗವತನ ಕಂಠವನ್ನೂ ಮದ್ದಳೆಯ ಶ್ರುತಿಯನ್ನೂ ಬಲ್ಲ ಹಿಮ್ಮೇಳದವರ ಕಿವಿ. ತಿದ್ದಿದ್ದು ಯಾವ ಆಧಾರದಿಂದ ಎಂಬುದನ್ನು ಪ್ರತಿಯ ಜೊತೆ ಬರೆದಿಡಬೇಕು.

ಸದ್ದನ್ನು ತೆಗೆಯುವ ತಂತ್ರಾಂಶಗಳು ಇಂದು ಎಲ್ಲರಿಗೂ ಎಟುಕುತ್ತವೆ. ಕೆಮ್ಮು, ನಗೆ, ಚಹದಂಗಡಿಯ ಗಲಾಟೆ, ಪಕ್ಕದವನ ಪಿಸುಮಾತು ಎಲ್ಲವನ್ನೂ ಅಳಿಸಿ ‘ಶುದ್ಧ’ ಪದ್ಯವನ್ನು ಉಳಿಸಬಹುದು. ಸಂಗೀತಪ್ರಿಯನಿಗೆ ಅದು ಹಿತ. ಜಾನಪದ ವಿದ್ಯಾರ್ಥಿಗೆ ಅಳಿಸಿದ ಸದ್ದುಗಳೇ ಆಕರ. ಯಾವ ಮಾತಿಗೆ ಸಭೆ ನಕ್ಕಿತು, ಯಾವುದಕ್ಕೆ ಸ್ತಬ್ಧವಾಯಿತು, ತುಳು ಮಾತೊಂದು ನಡುವೆ ಬಂದಾಗ ಎಲ್ಲಿಂದ ಚಪ್ಪಾಳೆ ಬಂತು ಎಂಬುದನ್ನು ಬೇರೆಲ್ಲಿಯೂ ಹುಡುಕುವಂತಿಲ್ಲ. ಆದುದರಿಂದ ತಿದ್ದದ ಮೂಲಪ್ರತಿಯನ್ನು ಪ್ರತ್ಯೇಕವಾಗಿ ಕಾಪಿಟ್ಟು, ಕೇಳುವುದಕ್ಕಾಗಿ ಇನ್ನೊಂದು ಪ್ರತಿಯನ್ನು ಸಿದ್ಧಪಡಿಸುವುದೇ ಸರಿಯಾದ ದಾರಿ.

ಹಂಚಿಕೆಯ ಹಕ್ಕು ಮತ್ತು ಹೊಣೆ

ಈ ಸುರುಳಿಗಳು ಹುಟ್ಟಿದಂದಿನಿಂದಲೇ ಹಂಚಿಕೆಯಾಗುತ್ತ ಬಂದಿವೆ. ಒಬ್ಬನಿಂದ ಎರವಲು ತಂದು, ಎರಡು ಯಂತ್ರಗಳನ್ನು ಎದುರುಬದುರಾಗಿಟ್ಟು ನಕಲು ಮಾಡುವುದು ರೂಢಿಯಾಗಿತ್ತು. ಪ್ರತಿ ನಕಲಿನಲ್ಲೂ ಸದ್ದು ಹೆಚ್ಚಿ ಧ್ವನಿ ಮಂಕಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ ಹೊದಿಕೆಯ ಮೇಲಿನ ಬರಹ ನಕಲಾಗದೇ ಹೋಗುವುದು. ಊರು, ತಾರೀಕು, ಮೇಳ, ಹಿಮ್ಮೇಳದವರ ಹೆಸರು ಇವೆಲ್ಲ ಮೊದಲ ನಕಲಿಗೇ ಕಳಚಿ, ಭಾಗವತನ ಹೆಸರೊಂದೇ ಉಳಿಯುತ್ತದೆ. ಇಂದು ಅಂತರಜಾಲದಲ್ಲಿ ಸಿಗುವ ಹಳೆಯ ಯಕ್ಷಗಾನ ಧ್ವನಿಗಳಲ್ಲಿ ಅನೇಕವು ಇದೇ ಸ್ಥಿತಿಯಲ್ಲಿವೆ. ಮದ್ದಳೆಗಾರನೂ ಚೆಂಡೆಯವನೂ ಎದುರು ವೇಷಧಾರಿಯೂ ಅನಾಮಿಕರಾಗಿದ್ದಾರೆ.

ಕಾನೂನಿನ ನಿಲುವನ್ನೂ ತಿಳಿದಿರಬೇಕು. ೧೯೫೭ರ ಹಕ್ಕುಸ್ವಾಮ್ಯ ಕಾಯಿದೆಯಲ್ಲಿ ಪ್ರದರ್ಶಕನಿಗೆ ಮೊದಲು ಪ್ರತ್ಯೇಕ ಹಕ್ಕು ಇರಲಿಲ್ಲ. ೧೯೯೪ರ ತಿದ್ದುಪಡಿ ಅದನ್ನು ೨೫ ವರ್ಷಗಳ ಮಟ್ಟಿಗೆ ನೀಡಿತು, ೧೯೯೯ರ ತಿದ್ದುಪಡಿ ೫೦ ವರ್ಷಕ್ಕೆ ವಿಸ್ತರಿಸಿತು. ೨೦೧೨ರಲ್ಲಿ ಕಲಾವಿದನ ಹೆಸರು ಹೇಳಬೇಕಾದ ಮತ್ತು ಪ್ರದರ್ಶನವನ್ನು ವಿಕೃತಗೊಳಿಸಬಾರದಾದ ನೈತಿಕ ಹಕ್ಕೂ ಸೇರಿತು. ಖಾಸಗಿ ಬಳಕೆಗೆ, ಬೋಧನೆಗೆ, ಸಂಶೋಧನೆಗೆ ವಿನಾಯಿತಿಯಿದೆ. ಆದರೆ ಕಾನೂನು ತಡೆಯದ ಎಲ್ಲವೂ ಮರ್ಯಾದೆಯೆನಿಸದು. ಕೂಟದ ಬಿಸಿಯಲ್ಲಿ ಒಬ್ಬ ಅರ್ಥಧಾರಿ ಇನ್ನೊಬ್ಬನ ಮೇಲೆ ಎಸೆದ ಕಟಕಿಯನ್ನು ಅಲ್ಲಿದ್ದ ನೂರು ಜನ ಅಲ್ಲಿಯೇ ನಕ್ಕು ಮರೆತರು. ಅದನ್ನೇ ಕತ್ತರಿಸಿ, ಸಂದರ್ಭ ಬಿಡಿಸಿ ಲೋಕಕ್ಕೆಲ್ಲ ಕೇಳಿಸುವುದು ಬೇರೆಯೇ ಕೃತ್ಯ. ಹಣದ ವಿಚಾರವೂ ಇದೆ. ತಿರುಗಾಟದ ಸಂಬಳದಲ್ಲಿ ಬದುಕಿದ ಕಲಾವಿದನ ಧ್ವನಿಯಿಂದ ಮೂರನೆಯವರು ಜಾಹೀರಾತಿನ ಆದಾಯ ಪಡೆಯುವಾಗ ಅವನ ಕುಟುಂಬಕ್ಕೆ ಪಾಲಿಲ್ಲದಿರುವುದು ನ್ಯಾಯವೆನಿಸದು. ಹಣ ಮುಟ್ಟದೆ ಹಂಚುವ ಹಳೆಯ ಶಿಸ್ತು ಈ ದೃಷ್ಟಿಯಿಂದ ಇಂದಿಗೂ ಅನುಕರಣೀಯ.

ಅನುಸರಿಸಬಹುದಾದ ಮಾದರಿಗಳು ಇವೆ. ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ ೧೯೩೮ರಲ್ಲಿ ದಕ್ಷಿಣ ಭಾರತದಲ್ಲಿ ಮಾಡಿದ ಮುದ್ರಣಗಳನ್ನು ಹಿಡಿದು ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ೧೯೮೪ರಲ್ಲಿ ತಮಿಳುನಾಡು, ಕೇರಳ, ಕರ್ನಾಟಕಗಳಲ್ಲಿ ಸಂಚರಿಸಿ, ಆ ಕಲೆಗಳ ಮುಂದಿನ ಪೀಳಿಗೆಗಳನ್ನು ಹುಡುಕಿದರು. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರ ಶ್ರಮದಿಂದ ನೆಲೆಗೊಂಡ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರ ಕರಾವಳಿಯ ಕಲೆಗಳ ದಾಖಲಾತಿಗೆ ಅಡಿಪಾಯ ಹಾಕಿತು. ಆಸಕ್ತರೇ ಕೂಡಿ ಪ್ರಸಂಗಪಠ್ಯಗಳನ್ನು ಗಣಕೀಕರಿಸಿ ಉಚಿತವಾಗಿ ಹಂಚಿದ ಯಕ್ಷವಾಹಿನಿಯ ಕೆಲಸ ಕಣ್ಣಮುಂದಿದೆ. ಪಠ್ಯಕ್ಕೆ ನಡೆದದ್ದು ಧ್ವನಿಗೂ ನಡೆಯಬೇಕು.

ಉಳಿದ ಕಾಲ

೨೦೧೯ರ ಆಗಸ್ಟಿನ ಮಳೆಗೆ ಮೂಡಿಗೆರೆ ತಾಲ್ಲೂಕಿನ ಹಲವೆಡೆ ಗುಡ್ಡ ಜರಿದು ಮನೆ, ತೋಟಗಳು ಹೋದವು. ಚಾರ್ಮಾಡಿ ಘಾಟಿಯ ಸಂಚಾರ ನಿಂತಿತು. ಮನೆಯ ಅಟ್ಟವೇ ಭಂಡಾರವಾಗಿರುವ ಕಲೆಗೆ ಇಂತಹ ಒಂದು ಮಳೆಗಾಲ ಸಾಕು. ಅದಕ್ಕಿಂತ ಸದ್ದಿಲ್ಲದ ನಷ್ಟವೂ ನಡೆಯುತ್ತಿದೆ: ನುಡಿಸುವ ಯಂತ್ರ ಕೆಟ್ಟ ಮೇಲೆ ಕ್ಯಾಸೆಟ್ಟಿನ ಪೆಟ್ಟಿಗೆ ಗುಜರಿಗೆ ಹೋಗುತ್ತದೆ.

ಟೇಪಿಗಿಂತ ಮೊದಲು ಕಳೆದುಹೋಗುತ್ತಿರುವುದು ಅದನ್ನು ಗುರುತಿಸಬಲ್ಲ ನೆನಪು. ೧೯೮೦ರಲ್ಲಿ ಇಪ್ಪತ್ತೈದು ವರ್ಷದವನಾಗಿದ್ದ ಪ್ರೇಕ್ಷಕನಿಗೆ ಈಗ ಎಪ್ಪತ್ತು ಸಮೀಪಿಸಿದೆ ಅಥವಾ ದಾಟಿದೆ. ಧ್ವನಿ ಕೇಳಿದೊಡನೆ ಮದ್ದಳೆಗಾರನ ಹೆಸರು ಹೇಳಬಲ್ಲವನು, ಆ ಆಟ ಯಾರ ಹರಕೆಯದು, ಯಾವ ಗದ್ದೆಯಲ್ಲಿ ನಡೆಯಿತು ಎಂದು ಗುರುತಿಸಬಲ್ಲವನು ಅವನೇ. ಆದುದರಿಂದ ಈ ಸೀಮೆಯಲ್ಲಿ ಕೆಲಸ ಆರಂಭಿಸುವವರು ಮೊದಲು ಕೊಂಡೊಯ್ಯಬೇಕಾದದ್ದು ದುಬಾರಿ ಯಂತ್ರವಲ್ಲ, ಒಂದು ನೋಟುಪುಸ್ತಕ. ಯಾರ ಮನೆಯಲ್ಲಿ ಎಷ್ಟು ಸುರುಳಿಗಳಿವೆ, ಹೊದಿಕೆಯ ಮೇಲೆ ಏನು ಬರೆದಿದೆ, ಮುದ್ರಿಸಿದವರಿಗೆ ಏನು ನೆನಪಿದೆ ಎಂಬುದನ್ನು ಊರೂರಿನಲ್ಲಿ ಪಟ್ಟಿ ಮಾಡಿಕೊಂಡರೆ, ಯಾವ ಸುರುಳಿಯನ್ನು ಮೊದಲು ಉಳಿಸಬೇಕೆಂಬುದು ತಾನಾಗಿ ಗೊತ್ತಾಗುತ್ತದೆ. ಸರಿಪಡಿಸಿದ ಪ್ರತಿಯೊಂದು ಮೊದಲು ಆ ಮನೆಗೇ ಹಿಂದಿರುಗಬೇಕು. ಅನಂತರ ಅಕಾಡೆಮಿ, ವಿಶ್ವವಿದ್ಯಾಲಯಗಳ ಭಂಡಾರಕ್ಕೆ ಸೇರಬೇಕು. ಇದಕ್ಕೆ ಬೇಕಾದ ತಂತ್ರಜ್ಞಾನ ಕೈಗೆಟುಕುವಷ್ಟರಲ್ಲಿದೆ. ಹೆಸರು ಹೇಳಬಲ್ಲವರು ಇರುವಾಗಲೇ ಅದು ನಡೆಯಬೇಕಾಗಿದೆ.